ಗಾಳಿ ಎತ್ತ

ಕಿಸುಮು ಊರಿಗೆ ನೀರು ಕುಡಿಸುವ ಮನೆಯಲ್ಲಿ
ರಾತ್ರಿ ಪಾಳಿ ನನ್ನದು. ಹೆಸರು ಅವೂರ್.
ನಡುರಾತ್ರಿ ಹುಟ್ಟಿದವಳಿಗೆ ನಮ್ಮಲ್ಲಿಡುವ ಹೆಸರು,
ಪಾಳಿಪಟ್ಟಿ ಬರೆಯುವವನಿಗೆ ಅದೇ ನೆಪ.

ಬಾ ತಮ್ಮಾ ಓಕುಮು, ಮೊದಲ ದಿನ ನಿನಗೆ.
ಬೀಗ ತೆಗೆಯುವ ಮುಂಚೆ ತಲೆಯೆತ್ತಿ ನೋಡು:
ಕಂಬದ ತುದಿಗೆ ಕಟ್ಟಿದ ಕೆಂಪು ಬಟ್ಟೆಯ ಚೀಲ.
ಹಗಲು ಸರೋವರದಿಂದ ಊರಿಗೆ ಬರುವ ಗಾಳಿ
ಕತ್ತಲಾದರೆ ಮನಸ್ಸು ಬದಲಿಸುತ್ತದೆ,
ಗುಡ್ಡವಿಳಿದು ನೀರಿಗೆ ಹೊರಡುತ್ತದೆ
ಬಲೆ ಹೊತ್ತ ಬೆಸ್ತರ ಹಾಗೆ.
ಹಗಲು ಕಲಿತ ದಾರಿಯಲ್ಲಿ ರಾತ್ರಿ ಓಡಬೇಡ.

ಒಳಗೆ ಹಳದಿ ಸಿಲಿಂಡರುಗಳು,
ಮೇದು ಮಲಗಿದ ದನಗಳ ಸಾಲು.
ಕ್ಲೋರಿನ್ನು ಗಾಳಿಗಿಂತ ತೂಕ.
ಸೋರಿದರೆ ಸೂರಿಗೇರುವುದಿಲ್ಲ,
ನೆಲ ಹಿಡಿದು ಹೊಸಿಲ ಸಂದಿಗೆ ತೆವಳುತ್ತದೆ.
ಅದಕ್ಕೇ ಫ್ಯಾನು ಪಾದದ ಬಳಿ.
ಜೇಬಿನಿಂದ ಏನೇ ಬೀಳಲಿ, ಬಗ್ಗಿ ಹುಡುಕಬೇಡ.

ಮೂಗನ್ನು ನಂಬಬೇಡ. ಮೊದಲ ಗಳಿಗೆ ಕೂಗಿಕೊಳ್ಳುತ್ತದೆ,
ಆಮೇಲೆ ಅದಕ್ಕೂ ಸಂಬಳದ ಅಭ್ಯಾಸ.
ನನ್ನದು ಹನ್ನೊಂದು ವರ್ಷದಿಂದ ಸುಮ್ಮನಿದೆ;
ಒಮೆನಾ ಮೀನು ಒಣಹಾಕಿದ ಸಂತೆಬೀದಿಯಲ್ಲಿ
ಹೂವಿನಂಗಡಿ ದಾಟುವವಳಂತೆ ದಾಟುತ್ತೇನೆ.

ನ್ಯಗುಡಿ ಹಿರಿಯನಿಗೆ ಎದೆಮಟ್ಟ ಗಡ್ಡವಿತ್ತು,
ಅವನ ಇಗರ್ಜಿಯಲ್ಲಿ ಅದು ವ್ರತ.
ಮುಖಕ್ಕೆ ಮಾಸ್ಕು ಕೊಟ್ಟರೆ
ಮೂಗಿಗಿಂತ ಮೂಗುತಿ ಭಾರವೆಂದು ನಕ್ಕ,
ನಗುತ್ತಲೇ ಹಾಕಿಕೊಂಡ.
ಗಡ್ಡಕ್ಕೂ ರಬ್ಬರಿಗೂ ನಡುವೆ ಒಂದು ಎಳೆಯಷ್ಟು ದಾರಿ,
ಅಷ್ಟು ಸಾಕಾಯಿತು.
ಬದುಕಿದ್ದಾನೆ. ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾನೆ,
ನಿಂತಾಗ ದೂರದ ದೋಣಿ ಎಣಿಸುವವನಂತೆ ನಟಿಸುತ್ತಾನೆ.
ನಾವೂ ಎಷ್ಟು ದೋಣಿ ಎಂದು ಕೇಳುತ್ತೇವೆ.
ನಿನ್ನ ಗಲ್ಲ ನೋಡಿದೆ. ನನ್ನ ಡ್ರಾಯರಿನಲ್ಲಿ ಬ್ಲೇಡಿದೆ.

ಇಗೋ ಅಮೋನಿಯಾ ಬಾಟಲಿ.
ಪ್ರತಿ ಕೀಲಿನ ಹತ್ತಿರ ಅದರ ಉಸಿರು ಹಿಡಿ.
ಸೋರುವಲ್ಲಿ ಬಿಳಿ ಹೊಗೆ ಏಳುತ್ತದೆ,
ಕದ್ದು ಕೂತವನು ಕೆಮ್ಮಿದ ಹಾಗೆ.
ಕಂಡರೆ ಗಂಡಸುತನ ತೋರಿಸಬೇಡ,
ನನ್ನ ಹೆಸರು ಕೂಗು. ಬಾಗಿಲಲ್ಲೇ ಇರುತ್ತೇನೆ.
ಇಲ್ಲಿ ಒಬ್ಬರೇ ಒಳಹೋಗುವ ಪದ್ಧತಿಯಿಲ್ಲ
(ಇತ್ತು. ಆ ಕಾಗದಕ್ಕೆ ನ್ಯಗುಡಿಯ ಸಹಿಯೇ ಇದೆ).

ಬೆಳಗಾದರೆ ಮಾನ್ಯಾಟ್ಟದ ಯಾವಳೋ ತಾಯಿ
ಲೋಟ ಮೂಸಿ, ಥೂ ಔಷಧಿ ನಾತ ಎಂದು
ನಮ್ಮ ವಂಶಕ್ಕೆಲ್ಲ ಬೈಯುತ್ತಾಳೆ.
ಬೈಯಲಿ.
ಅವಳ ಮೂಗು ಇನ್ನೂ ಕೆಲಸದಲ್ಲಿದೆ.

ಮಾಸ್ಕು ಬಿಗಿಯಾಯಿತೇ? ಅಂಗೈ ಒತ್ತಿ ಉಸಿರೆಳೆ,
ಮುಖಕ್ಕೆ ಕಚ್ಚಬೇಕು ಅದು. ಇನ್ನೊಮ್ಮೆ.

ಅಗೋ, ಚೀಲ ತಿರುಗಿತು.
ಈಗ ಹೇಳು,
ಓಡುವುದು ಎತ್ತ?