ಒಂದು ಡ್ರಮ್ಮು ಕಡಿಮೆ

ನಕ್ಷೆ ಇಲ್ಲವಂತೆ. ಕಂಪನಿಯವರು ಓಡಿಹೋಗುವಾಗ
ಬೀರು ಸಮೇತ ಸುಟ್ಟರಂತೆ ಕಾಗದಗಳನ್ನು.
ಹಾಗಾಗಿ ನನ್ನನ್ನು ಕರೆಸಿದ್ದಾರೆ,
ದಿನಕ್ಕೆ ಏಳುನೂರು, ಒಂದು ಊಟ.
ನನ್ನ ಮೊಣಕಾಲೇ ಈಗ ಸರ್ಕಾರಿ ದಾಖಲೆ.

ಆ ಕಡೆ ಮಾಲೂರಿನ ಹೆಂಚಿನ ಗೂಡು ಒಂದೆರಡು
ಇನ್ನೂ ಹೊಗೆಯಾಡುತ್ತಿವೆ.
ಈ ಕಡೆ ನಾನು, ಮಂಡಿಯುದ್ದದ ಬೂಟು,
ಮುಖಕ್ಕೆ ಹಂದಿಮೂತಿಯಂಥ ಮುಸುಕು,
ಹೆಜ್ಜೆ ಎಣಿಸುತ್ತಿದ್ದೇನೆ:
ಬೋರ್‌ವೆಲ್ಲಿಂದ ಹದಿನಾಲ್ಕು, ಜಾಲಿಯಿಂದ ಆರು.
ಜಾಲಿ ಈಗಿಲ್ಲ. ಅದರ ನೆರಳು ಅಂದಾಜಿಸಿ
ಎಡಕ್ಕೆ ತಿರುಗಬೇಕು.

"ಇಲ್ಲೇ ಏನ್ರಿ?" ಅನ್ನುತ್ತಾರೆ ಶಾಹೀನ್ ಮೇಡಂ, ರಾಯಚೂರಿನವರು.
"ಇಲ್ಲೇ ಮೇಡಂ. ಮೂರವೆ, ಒಂದರ ಮೇಲೊಂದು."
ಅಗೆಯುತ್ತದೆ ಯಂತ್ರ. ಮೂರಿವೆ.
ಅವರಿಗೆ ಸಂತೋಷ. ನನಗೆ, ಯಾಕೋ,
ಸರಿಯುತ್ತರ ಹೇಳಿ ಮೇಷ್ಟರ ಕೈಲಿ ಹೊಡೆಸಿಕೊಂಡ ಹಾಗೆ.

ಹೂಳಿದ್ದು ನಾನೇ. ನಾನು, ಬಯ್ಯಣ್ಣ, ಬಿಹಾರದ ಇಬ್ಬರು ಹುಡುಗರು.
ಅಮಾವಾಸ್ಯೆ ಆಸುಪಾಸಿನ ರಾತ್ರಿಗಳು.
ಡ್ರಮ್ಮಿಗೆ ಅರವತ್ತು ರೂಪಾಯಿ, ಮೇಲೆ ಒಂದು ಕ್ವಾರ್ಟರು.
ಒಳಗೇನಿದೆ ಎಂದು ಬಯ್ಯಣ್ಣ ಒಮ್ಮೆ ಕೇಳಿದ್ದ.
"ನಿಮ್ಮಪ್ಪನ ತಿಥಿ ಪಾಯಸ" ಎಂದಿದ್ದ ಸೂಪರ್‌ವೈಸರು.
ನಕ್ಕಿದ್ದೆವು. ಬಯ್ಯಣ್ಣನೂ ನಕ್ಕಿದ್ದ,
ಅಂಗೈ ಚರ್ಮ ಈರುಳ್ಳಿ ಸಿಪ್ಪೆಯಂತೆ ಬಿಡುತ್ತಿದ್ದಾಗಲೂ.

ನಮ್ಮ ತಾತ ಹೆಂಚಿನ ಫ್ಯಾಕ್ಟರಿಗೆ ಮಣ್ಣು ಆರಿಸುತ್ತಿದ್ದವನು.
ಚಿಟಿಕೆ ಮಣ್ಣು ನಾಲಿಗೆಗಿಟ್ಟು ಕಣ್ಣು ಮುಚ್ಚಿ
"ಇದು ಬಿರಿಯುತ್ತೆ, ಬೇಡ", "ಇದು ನಿಲ್ಲುತ್ತೆ, ತುಂಬಿ" ಅನ್ನುತ್ತಿದ್ದ.
ಕೆರೆಗೆ ಕೆರೆಯೇ ಅವನ ಬಾಯಲ್ಲಿತ್ತು.
ಮೇಡಂ ಅದೇ ಮಣ್ಣನ್ನು ಗಾಜಿನ ಶೀಶೆಗೆ ತುಂಬಿ
ಐಸಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ.
ಗ್ಲೌಸಿಲ್ಲದೆ ಮುಟ್ಟಿದರೆ ಗದರುತ್ತಾರೆ.
ಎಂಟು ಅಡಿ ಕೆಳಗೆ ನೇರಳೆ ಬಣ್ಣ,
ಮೇಲೆ ಎಣ್ಣೆಯ ನವಿಲುಗರಿ.
ಚೆಂದವಾಗಿಯೇ ಇದೆ. ಹೇಳಬಾರದೇನೋ.

ಲಾರಿಗಳು ಟಾರ್ಪಾಲು ಹೊದ್ದು ಹೋಗುತ್ತವೆ.
ಎಲ್ಲಿಗೆ ಎಂದರೆ, "ಪದ್ಧತಿ ಪ್ರಕಾರ ಕಟ್ಟಿದ ಗುಂಡಿಗೆ."
ಯಾವೂರು ಎಂದರೆ, ಡ್ರೈವರು ಬೀಡಿ ಕೇಳುತ್ತಾನೆ.

ಹದಿನೇಳನೆಯ ದಿನ ಲೆಕ್ಕ ನಿಂತಿತು.
ನಲವತ್ತೊಂದು ಎಂದು ಮೊದಲ ದಿನವೇ
ಬುದ್ಧಿವಂತನಂತೆ ನಾನೇ ಬರೆಸಿದ್ದೆ.
ಸಿಕ್ಕಿದ್ದು ನಲವತ್ತು.
"ಒಂದು ಕಮ್ಮಿ ಅದ ಪಿಳ್ಳಪ್ಪ, ನೆನಪ್ ಮಾಡ್ಕೊಳ್ರಿ."
ತಗಡಿನ ವಾಸನೆ ಹಿಡಿಯುವ ಕೋಲು ಹೊತ್ತು ಹುಡುಗರು
ಬೇಲಿಯಿಂದ ಬೇಲಿಗೆ ಎರಡು ದಿನ ನಡೆದರು.
ನಾನು ಕೈ ತೋರಿಸಿದೆ, ಅಲ್ಲಿ, ಇಲ್ಲಿ,
ಇಲ್ಲದ ಜಾಲಿಯ ಇನ್ನೊಂದು ಮಗ್ಗುಲಲ್ಲಿ.

ಗೊತ್ತಿತ್ತು.

ಆ ವರ್ಷ ನಲ್ಲಿ ನೀರು ಹತ್ತು ದಿನಕ್ಕೊಮ್ಮೆ.
ಒಂದು ಡ್ರಮ್ಮನ್ನು ಗುಂಡಿಗೇ ಬಗ್ಗಿಸಿ ಖಾಲಿ ಮಾಡಿ
ಹುಣಸೆಹಣ್ಣು, ಬೂದಿ, ಮೂರು ಪೊಟ್ಟಣ ಸೋಪುಪುಡಿ ಹಾಕಿ ತಿಕ್ಕಿ
ಬೆಳಗಾಗುವ ಮುಂಚೆ ಮನೆಗೆ ಉರುಳಿಸಿ ತಂದಿದ್ದೆ.
ಕೂಲಿ ಮಾತ್ರ ನಲವತ್ತೊಂದಕ್ಕೂ ಇಸ್ಕೊಂಡಿದ್ದೆ.
ನೀಲಿ ಡ್ರಮ್ಮು. ಇನ್ನೂರು ಲೀಟರು.
ಚಂಗಲಮ್ಮ ಅದಕ್ಕೆ ಕುಂಕುಮ ಇಟ್ಟಳು.
ಹನ್ನೊಂದು ವರ್ಷ, ಅದರಲ್ಲಿ ಮುಳುಗಿದ ಚೊಂಬಿನಿಂದಲೇ
ಮಗಳ ತಲೆಗೆ ನೀರು, ಅನ್ನಕ್ಕೆ ಎಸರು.

ನಿನ್ನೆ ರಾತ್ರಿ ಎದ್ದು ಬೆರಳಲ್ಲಿ ತಟ್ಟಿದೆ.
ಅರ್ಧ ತುಂಬಿದ ಸದ್ದು. ಏನೂ ಗೊತ್ತಿಲ್ಲದ ಸದ್ದು.
ಮೋರಿಗೆ ಬಗ್ಗಿಸಲು ಹೋದವನ ಕೈ ತಡೆಯಿತು:
ಈ ನೀರನ್ನು ಎಲ್ಲಿ ಚೆಲ್ಲುವುದು?

ಹಳೇ ಸೀರೆಯಲ್ಲಿ ಬಾಯಿ ಕಟ್ಟಿ, ನೀರಿದ್ದಂತೆಯೇ,
ಲಗೇಜ್ ಆಟೋದಲ್ಲಿ ತಂದು ಇಳಿಸಿದೆ.
"ಎಲ್ಲಿ ಸಿಕ್ತು?"
ಮುಸುಕಿನೊಳಗೆ ಏನಂದೆನೋ, ನನಗೇ ಕೇಳಿಸಲಿಲ್ಲ.
ಚೀಟಿಗೆ ಅಂಕಿ ಬರೆಯಲು ಬಗ್ಗಿದವರು
ಕುಂಕುಮದ ಬೊಟ್ಟು ಕಂಡರು. ಪೆನ್ನು ನಿಂತಿತು.
ಬೇರೆ ಹಾಳೆ ತೆಗೆದರು.
"ಮನ್ಯಾಗ ಎಷ್ಟ್ ಮಂದಿ ಅದೀರಿ?"

ಮೂವರು ಎಂದೆ.
ಆಮೇಲೆ ಗ್ಲೌಸು ಕಳಚಿ, ಬೆರಳು ಮಡಚಿ,
ಎರಡು ವರ್ಷ ಇದ್ದು ಹೋದ ತಮ್ಮನ ಸಂಸಾರ,
ಬಾಣಂತನಕ್ಕೆ ಬಂದ ನಾದಿನಿ,
ಬಿಸಿಲಲ್ಲಿ ಚೊಂಬು ನೀರು ಕೇಳಿದ ಅಂಚೆಯವನು,
ಬಯ್ಯಣ್ಣ,