ಮುಸುಕುಮಾರನ ಕೊನೆಯ ಪುಟ

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿಸುವವನು ನಾನು.
ಮೂರು ಸಲ ಸೋಪು ಹಾಕಿದರೂ ಕೈಗೆ ಹುಳದ ವಾಸನೆ.
ಅದಕ್ಕೇ ಬೀರುವಿನ ಒಳಖಾನೆ ತೆಗೆಯುವ ಮುನ್ನ
ಗ್ಲೌಸು ತೊಡುತ್ತೇನೆ.
ಹೆಂಡತಿಗೆ ನಗು: ಸೀರೆ ಮುಟ್ಟುವಾಗ ಇಲ್ಲದ ಮಡಿ
ಕಾಗದಕ್ಕೆ!

ಹನ್ನೊಂದು ಹಾಳೆ. ಅಚ್ಚಾದವಲ್ಲ,
ಅಚ್ಚಿಗೆ ಹೋಗಿ ಬಂದವು.
ನೀಲಿ ಪೆನ್ಸಿಲ್ಲಿನ ಗೀಟು, ಒಣಗಿ ಬಿರಿದ ಬಿಳಿ ಬಣ್ಣ,
ಅಂಚಿನಲ್ಲಿ "ಐದೂವರೆ ಇಂಚಿಗೆ ಇಳಿಸಿ" ಎಂದು ಯಾರದೋ ಕೈಬರಹ.
ಒಂದರ ಬೆನ್ನ ಮೇಲೆ ಕೆಎ ನಲವತ್ತು, ಕೆಎ ನಲವತ್ತು,
ನಂಬರ್ ಪ್ಲೇಟಿನ ಅಭ್ಯಾಸ.
ಎಲ್ಲದರಲ್ಲೂ ಕಂಬಳಿ ಹೊದ್ದು, ಮುಖಕ್ಕೆ ಬಟ್ಟೆ ಬಿಗಿದು
ಕೋಟೆಯಿಂದ ಕೋಟೆಗೆ ಹಾರುವವನು ಮುಸುಕುಮಾರ.
ಮೂಲೆಯಲ್ಲಿ ಇರುವೆಯಷ್ಟು ಸಹಿ: ಬೈಚ.

ನನಗೆ ಹನ್ನೆರಡಿದ್ದಾಗ ಪತ್ರಿಕೆ ನಿಂತಿತು.
"ಮುಂದಿನ ತಿಂಗಳು: ಮುಸುಕು ಜಾರಿದಾಗ!"
ಮುಂದಿನ ತಿಂಗಳು ಬರಲಿಲ್ಲ.
ಬಸ್ ಸ್ಟ್ಯಾಂಡಿನ ಅಂಗಡಿಯವನು ನನ್ನ ಕಾಟ ತಾಳದೆ
"ಹೋಗಪ್ಪ, ಸತ್ತೋದ ನಿಮ್ಮ ಕುಮಾರ" ಎಂದ.

ಚಿಂತಾಮಣಿಯಲ್ಲಿ ಬೈಚಪ್ಪನವರು ಸಿಕ್ಕಿದ್ದು
ಒಂದು ಪಂಕ್ಚರ್ ಅಂಗಡಿಯ ಬೋರ್ಡಿನಿಂದ.
ಅದರ ಚ-ಒತ್ತು ಥೇಟ್ ಆ ಕಂಬಳಿಯ ತುದಿ,
ಗಾಳಿಗೆ ಎದ್ದದ್ದು.
ಫ್ಲೆಕ್ಸು ಬಂದ ಮೇಲೆ ಬೋರ್ಡು ಬರೆಸುವವರಿಲ್ಲ.
ಪೊರೆ ತೆಗೆಸಿದ ಎಡಗಣ್ಣಿಗೆ ಹಸಿರು ಪಟ್ಟಿ.
"ಆ ಕಂತು ಬರೆದುಕೊಡಿ," ಎಂದೆ.
ನನ್ನ ಕೈ ಮೇಲೆ ಟವೆಲ್ಲು ಹಾಸಿದರು.
ಅವರಪ್ಪ ದನದ ದಲ್ಲಾಳಿಯಂತೆ.
ನಮ್ಮ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜೂ ಮೊಬೈಲಿನಲ್ಲೇ ಈಗ;
ಎಷ್ಟೋ ವರ್ಷಕ್ಕೆ ಬೆರಳು ಬೆರಳಿಗೆ ಲೆಕ್ಕ ಹೇಳಿತು.
ಎಂಟು ಸಾವಿರ. ನಾನು ಒಂದು ಬೆರಳೂ ಇಳಿಸಲಿಲ್ಲ.
ಅದಕ್ಕವರಿಗೆ ಬೇಜಾರು.
"ಚೌಕಾಸಿ ಮಾಡದವನಿಗೆ ಕೆಲಸದ ಬೆಲೆ ಗೊತ್ತಿರಲ್ಲ."

ಯುಗಾದಿಗೆ ಎಂದದ್ದು ವರಮಹಾಲಕ್ಷ್ಮಿಗೆ ಹೋಯಿತು.
ಕೇಳಿದರೆ, "ಕೈ ಕೂತಿಲ್ಲ."
ಮಗಳು ಸರ್ವಮಂಗಳ ಫೋನಿನಲ್ಲಿ ಪಿಸುಗುಟ್ಟಿದಳು:
ಐದು ಚೌಕ ಮುಗಿದವೆ ಅಣ್ಣ, ಆರನೇದಕ್ಕೆ ಕಾಗದ ಸವೀತಿದೆ,
ರಬ್ಬರಿನ ಹುಡಿ ಗುಡಿಸಿ ಗುಡಿಸಿ ಸಾಕಾಯ್ತು.

ಕೊನೆಗೊಂದು ದಿನ ಕರೆದರು.
"ಕತೆ ಕಳಿಸ್ತಿದ್ದ ಮೇಷ್ಟ್ರಿಗೆ ಆವತ್ತೇ ಕಾರ್ಡು ಹಾಕಿದ್ದೆ,
ಒಳಗೆ ಯಾರು ಸ್ವಾಮಿ, ಮೂಗು ಹೆಂಗೆ ಬರೀಲಿ ಅಂತ.
ಆ ಕಂತು ಬಂದಾಗ ನೋಡೋಣ ಅಂದರು.
ಕಂತು ಬರಲಿಲ್ಲ, ಅವರೂ ಹೋದರು.
ಹದಿಮೂರು ವರ್ಷ ಅವನ ಜೊತೆ ಇದ್ದೆ,
ಒಂದು ಸಲವೂ ಮುಖ ನೋಡಲಿಲ್ಲ."

ಹಾಳೆ ಬಿಚ್ಚಿದರು.
ಹಿಂದೆ ಅಂಬಾಜಿದುರ್ಗದ ಬಂಡೆ. ಗೆರೆ ನಡುಗಿದೆ;
ಆ ನಡುಕ ಕಂಬಳಿಗೆ ಹತ್ತಿ
ಮುಸುಕುಮಾರನಿಗೂ ಅರವತ್ತು ದಾಟಿದೆ.
ಆರನೆಯ ಚೌಕದಲ್ಲಿ ಕೈ ಗಂಟಿಗೆ ಹೋಗಿದೆ,
ಗಂಟು ಸಡಿಲಿದೆ,
ಮುಸುಕು ಇದೆ.
ಅದರಡಿ ಬಿಳಿ ಬಣ್ಣ, ಪದರದ ಮೇಲೆ ಪದರ,
ಎಳೆಯ ದಪ್ಪ ನೋಡಿ ಪಳಗಿದ ಬೆರಳಿಗೆ
ಗ್ಲೌಸಿನೊಳಗಿಂದಲೂ ತಿಳಿಯುವಷ್ಟು.

"ಬರೆದೆ. ಆಮೇಲೆ ಮುಚ್ಚಿದೆ.
ಬೆಳಕಿಗೆ ಹಿಡಿದರೆ ಕಾಣ್ತದೆ. ನಿಮ್ಮ ದುಡ್ಡು, ನಿಮ್ಮಿಷ್ಟ."
ಮಾತಿನ ಗುಳ್ಳೆ ಯಾಕೆ ಖಾಲಿ ಎಂದೆ.
"ಮಾತು ನನ್ನ ಡಿಪಾರ್ಟ್‌ಮೆಂಟಲ್ಲ."

ದಿನಕ್ಕೆ ಎಷ್ಟು ಸಾವಿರ ಗೂಡು ಬೇಯಿಸಿ ಬಿಚ್ಚಿಸುತ್ತೇನೋ,
ಒಳಗಿನದರ ಮುಖ ಹೇಗಿತ್ತೆಂದು ಕೇಳಿದವನಲ್ಲ.
ಆ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ
ಹಾಳೆ ಎತ್ತಿ ಹಿಡಿಯಲು ಹೋದ ಕೈ
ಎದೆಯ ಮಟ್ಟದಲ್ಲೇ ನಿಂತಿತು.

ಫ್ರೇಮಿನ ಅಂಗಡಿಯ ನವೀದ್ ಕೇಳಿದ:
ಹಿಂದಕ್ಕೆ ಏನು ಹಾಕಲಿ, ರಟ್ಟೋ, ಗಾಜೋ?
ಪ್ಲೈವುಡ್ಡು, ಎಂದೆ. ದಪ್ಪದ್ದು. ಒಂದು ಚೂರೂ ಬೆಳಕು ಹಾಯಬಾರದು.
ಮೆಟ್ಟಿಲಿಳಿದು, ಬೈಕು ಹತ್ತಿ,
ಮತ್ತೆ ಇಳಿದು ಹೋಗಿ ಹೇಳಿದೆ:
ಮೊಳೆ ಬೇಡ ನವೀದ್,
ಸ್ಕ್ರೂ ಹಾಕು.