ಹನ್ನೊಂದು ಸೆಕೆಂಡು

ಯಾರ್ಮತ್ತಿನ ಈ ಕೋಣೆಗೆ ಕಿಟಕಿ ಒಂದೇ. ಆಚೆ ಬಂದರು,
ಸಿಗಡಿ ಹಿಡಿಯುವ ಪೆಟ್ಟಿಗೆಗಳ ಸಾಲು.
ಮಂಜು ಕವಿದರೆ ಅದೂ ಇಲ್ಲ.
ಕಿವಿಯಲ್ಲಿ ಎರಡು ವರ್ಷ ಹಿಂದಿನ ಒಂದು ಮಧ್ಯಾಹ್ನ,
ಕಾಲಡಿ ಪೆಡಲು: ಒತ್ತಿದರೆ ಹುಡುಗಿ ಮಾತಾಡುತ್ತಾಳೆ,
ಬಿಟ್ಟರೆ ತೆರೆದ ಬಾಯಲ್ಲೇ ನಿಲ್ಲುತ್ತಾಳೆ.

ಅವಳ ಹೆಸರು ಬರೆಯುವಂತಿಲ್ಲ. ಎರಡಕ್ಷರ: ಟಿ. ಎಲ್.
ಅವನದು ಮಾತ್ರ ಪುಟಪುಟದ ನೆತ್ತಿಯ ಮೇಲೆ ಪೂರ್ತಿ,
ಡೆಲ್ಬರ್ಟ್ ಸ್ಯುರೆಟ್, ಮೇಲ್ಮನವಿದಾರ.
ಹಿಮದ ಮೇಲೆ ಹಾಕಿ ಕಲಿಸುತ್ತಿದ್ದವನು.
ನನ್ನ ತಮ್ಮ ಎಮೀಲನಿಗೂ.

ಮನವಿ ಮೇಲೇರಿ ಹ್ಯಾಲಿಫ್ಯಾಕ್ಸಿಗೆ ಹೋಗುತ್ತದೆ,
ಹುಡುಗಿ ಹೋಗುವುದಿಲ್ಲ.
ಮೂವರು ನ್ಯಾಯಮೂರ್ತಿಗಳಿಗೆ ಕಾಗದ ಸಾಕು,
ಆರುನೂರ ಹದಿನೇಳು ಪುಟ, ನಾನು ಬಡಿದದ್ದು.

ತಕರಾರು ಅವಳ ಮಾತಿನದಲ್ಲವಂತೆ.
ಜ್ಯೂರಿಗೆ ತಿಳಿಹೇಳುವಾಗ ನ್ಯಾಯಾಧೀಶರೇ ಆಡಿದ ಒಂದು ವಾಕ್ಯ:
‘ಈ ವಯಸ್ಸಿನವರು ಇಂಥದನ್ನು ಕಟ್ಟಿ ಹೇಳುವುದಿಲ್ಲ.’
ಆಡಬಾರದಿತ್ತು.
ಹತ್ತೊಂಬತ್ತು ವರ್ಷದ ಟೈಪು, ಅಷ್ಟು ನನಗೂ ಗೊತ್ತು:
ತಪ್ಪು ವಾಕ್ಯದ ಮೇಲೆ ಯಾರನ್ನೂ ಒಳಗಿಡಬಾರದು.
ಅವನನ್ನೂ.
(ಇದನ್ನು ಜೋರಾಗಿ ಹೇಳಿಕೊಂಡರೆ ನಾಲಿಗೆ ತಡವರಿಸುತ್ತದೆ.)

ಪುಟ ಇನ್ನೂರ ನಾಲ್ಕು.
ಪ್ರ: ಬಾಗಿಲು ಹಾಕಿದವರು ಯಾರು?
ಆಮೇಲೆ ಕುರ್ಚಿಯ ಕಿರ್ರು. ಯಾರದೋ ಕೆಮ್ಮು.
ಗೋಡೆಯೊಳಗಿನ ಬಿಸಿನೀರ ಕೊಳವೆ ಎರಡು ಸಲ ಟಕ್ಕೆಂದಿತು.
ಗಡಿಯಾರ ಹಿಡಿದು ಎಣಿಸಿದೆ, ಹನ್ನೊಂದು ಸೆಕೆಂಡು.
ಉ: ನಾನೇ. ಹಾಕು ಅಂದರು.

ಮೌನವನ್ನು ಬರೆಯಬಾರದು, ಅದು ನಿಯಮ.
ಪ್ರಶ್ನೆಯ ಕೆಳಗೆ ಉತ್ತರ, ನಡುವೆ ಒಂದು ಗೆರೆಯೂ ಇಲ್ಲ,
ಓದಿದವರಿಗೆ, ಕೇಳಿದ್ದೇ ತಡ
ಪಟ್ಟನೆ ಹೇಳಿದಳು ಅನ್ನಿಸಬೇಕು.
‘ನಾನೇ’ ಅಂತ. ಯಾವ ಅಳುಕೂ ಇಲ್ಲದೆ.
‘ಮೌನ’ ಎಂದು ಬಡಿದೆ. ಅಳಿಸಿದೆ.
ಮತ್ತೆ ಬಡಿದೆ.
ಕೊನೆಯ ಪುಟದಲ್ಲಿ ನನ್ನ ಸಹಿ ಬೇಕು:
ಕೇಳಿಸಿದ್ದೆಲ್ಲ ಇಲ್ಲಿದೆ, ಒಡೆಟ್ ಕೊಮೋ.
ಅಳಿಸಿಯೇ ಸಹಿ ಹಾಕಿದೆ.

ಸಂಜೆ ಎಮೀಲ್ ಬಂದ, ಹ್ಯಾಡಕ್ ಮೀನು ಕೊಟ್ಟುಹೋಗಲು.
ಹೊಸ್ತಿಲಲ್ಲಿ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದ,
ಎರಡು ಸುತ್ತಿನ ಗಂಟು, ಒಂಬತ್ತನೆಯ ವಯಸ್ಸಿನಲ್ಲಿ
ಯಾರು ಕಲಿಸಿದ್ದೆಂದು ನನಗೆ ಗೊತ್ತು.
ನೆತ್ತಿಯಲ್ಲಿ ಕೂದಲು ತೆಳುವಾಗಿತ್ತು.
ಕೇಳಬೇಕೆಂದುಕೊಂಡೆ.
ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.
‘ಮೀನು ಎಷ್ಟು ತೂಗಿತು?’ ಅಂದೆ.